ಸೋಮವಾರ ನಮಗೋಸ್ಕರ ಯಾರು ಕಾಯ್ತಾರೆ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ರಿಟೈರ್ಮೆಂಟ್ ಬಗ್ಗೇನೇ ಇದ್ವು. ದುಡ್ಡಿನ ವಿಚಾರ ಅಲ್ಲ, ಹೊತ್ತು ಹೆಂಗೆ ಕಳೆಯೋದು, ಯಾರ ಜೊತೆ ಕಳೆಯೋದು ಅಂತ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಟಿದೀನಿ. ಹೆಸರು, ಊರು ಯಾರದ್ದೂ ಹಾಕಿಲ್ಲ, ಕೆಲವು ಪತ್ರ ಉದ್ದ ಇದ್ವು, ಕತ್ತರಿಸಿದೀನಿ.

ಪ್ರಶ್ನೆ: ಮೇಡಂ, ನಾನು ರಿಟೈರ್ ಆಗಿ 11 ತಿಂಗಳಾಯ್ತು. 34 ವರ್ಷ ಕೆಲಸ ಮಾಡಿದೀನಿ, ಕೊನೇ 9 ವರ್ಷ ನನ್ನ ಕೈಕೆಳಗೆ ನಲವತ್ತು ಜನ ಇದ್ರು. ಮೊದಲ ನಾಲ್ಕು ತಿಂಗಳು ಸ್ವರ್ಗ. ಅಲಾರಾಂ ಇಲ್ಲ, ಮೀಟಿಂಗ್ ಇಲ್ಲ, ಸುತ್ತಾಡಿ ಬಂದ್ವಿ, ಬೀರು ಖಾಲಿ ಮಾಡಿ ಜೋಡಿಸಿದೆ, ಹಳೇ ಫೋಟೋ ಎಲ್ಲಾ ಆಲ್ಬಂಗೆ ಹಾಕಿದೆ. ಈಗ ಬೆಳಗ್ಗೆ ಹತ್ತು ಗಂಟೆ ಆಗ್ತಿದ್ದಂಗೆ ಎದೇಲಿ ಒಂಥರಾ ಸಂಕಟ ಶುರುವಾಗತ್ತೆ. ಎಲ್ರೂ ಹಾಬಿ ಇಟ್ಕೊಳ್ಳಿ ಅಂತಾರೆ. ಕೀಬೋರ್ಡ್ ತಗೊಂಡೆ, ಮೂರು ವಾರ ನಡೀತು. ಆನ್‌ಲೈನ್‌ನಲ್ಲಿ ಪೇಂಟಿಂಗ್ ಕ್ಲಾಸು, ಎರಡೇ ವಾರ. ಫೋನ್ ಬಂದ್ರೆ ಅದು ಲೋನ್ ಬೇಕಾ ಸರ್ ಅನ್ನೋರದ್ದು. ಹೆಂಡತಿ ಹತ್ರ ಹೇಳೋಕೂ ನಾಚಿಕೆ. ನನ್ನಲ್ಲೇ ಏನೋ ಕೊರತೆ ಇದೆಯಾ?

ಉತ್ತರ: ಕೊರತೆ ಏನೂ ಇಲ್ಲ ಸರ್. ನಿಮ್ಮ ಪತ್ರ ಓದ್ತಾ ನಂಗೆ ನಗು ಬಂತು, ಬೇಜಾರಾಗ್ಬೇಡಿ, ಯಾಕಂದ್ರೆ ನೀವು ಬರೆದಿರೋ ಕ್ಯಾಲೆಂಡರ್ ಇದೆಯಲ್ಲ, ನಾಲ್ಕು ತಿಂಗಳು ಸ್ವರ್ಗ ಆಮೇಲೆ ಧೊಪ್ಪಂತ ಬಿದ್ದಿದ್ದು, ಇದನ್ನ ಅಮೆರಿಕದ ರಾಬರ್ಟ್ ಆಚ್ಲಿ ಅನ್ನೋ ಸಮಾಜಶಾಸ್ತ್ರಜ್ಞ 1970ರ ದಶಕದಲ್ಲೇ ಬರೆದಿಟ್ಟಿದಾರೆ. ಮೊದಲು ಹನಿಮೂನ್ ಇದ್ದಂಗೆ ಒಂದು ಕಾಲ, ಆಮೇಲೆ ಭ್ರಮನಿರಸನ, ಅದಾದ್ಮೇಲೆ ಮನುಷ್ಯ ತಡಕಾಡ್ತಾ ತಡಕಾಡ್ತಾ ಹೊಸ ದಾರಿ ಹುಡ್ಕೋದು. ಎಲ್ರಿಗೂ ಇದೇ ಕ್ರಮದಲ್ಲಿ ಆಗತ್ತೆ ಅಂತೇನಿಲ್ಲ ಅಂತ ಅವ್ರೇ ಹೇಳಿದಾರೆ, ಕೆಲವರಿಗೆ ಹನಿಮೂನೇ ಇರಲ್ಲ, ಸೀದಾ ತಡಕಾಟ. ಇನ್ನೊಂದು ವಿಷಯ, 1967ರಲ್ಲಿ ಹೋಮ್ಸ್ ಮತ್ತೆ ರಾಹೆ ಅಂತ ಇಬ್ರು ಸೇರಿ ಜೀವನದ 43 ಘಟನೆಗಳಿಗೆ ಯಾವ್ದಕ್ಕೆ ಎಷ್ಟು ಒತ್ತಡ ಅಂತ ಅಂಕ ಕೊಟ್ಟಿದ್ರು. ಗಂಡ ಅಥವಾ ಹೆಂಡತಿ ತೀರಿಕೊಂಡ್ರೆ 100, ಮದುವೆಗೆ 50, ರಿಟೈರ್ಮೆಂಟ್‌ಗೆ 45. ಮದುವೆ ಆದಾಗ ಆರು ತಿಂಗಳು ತಲೆ ಕೆಟ್ಟಂಗೆ ಇರ್ತೀವಿ, ಯಾರೂ ಏನೂ ಅನ್ನಲ್ಲ, ಹೊಂದ್ಕೊಳ್ಳೋಕೆ ಟೈಂ ಬೇಕು ಅಂತಾರೆ. ಹೆಚ್ಚುಕಮ್ಮಿ ಅಷ್ಟೇ ತೂಕದ್ದು ಇದು, ಇದಕ್ಕೆ ಮಾತ್ರ ಬೀಳ್ಕೊಡುಗೆಯ ಮಾರನೇ ದಿನದಿಂದಾನೇ ಆರಾಮಾಗಿರ್ಬೇಕು ಅಂತ ಎಲ್ರೂ ಅನ್ಕೊಳ್ತಾರೆ.

ಈಗ ಹಾಬಿ ವಿಷಯಕ್ಕೆ ಬರ್ತೀನಿ. ನನ್ನ ಪ್ರಕಾರ ನಿಮಗೆ ಕೊಟ್ಟಿರೋ ಔಷಧಿನೇ ತಪ್ಪು. ಹಾಬಿ ಕೆಟ್ಟದ್ದು ಅಂತಲ್ಲ, ಆದ್ರೆ ನೀವು ಕಳ್ಕೊಂಡಿದ್ದು ಕೆಲಸನಾ? ಹತ್ತು ಗಂಟೆಗೆ ಸಂಕಟ ಆಗತ್ತೆ ಅಂತ ಬರೆದಿದೀರಿ, ಹತ್ತಕ್ಕೆ ಏನಾಗ್ತಿತ್ತು ಆಫೀಸಲ್ಲಿ? ನೀವು ಬರೋದನ್ನ ಯಾರೋ ನೋಡ್ತಿದ್ರು. ನಿಮ್ಮ ಸಹಿಗೆ ಒಬ್ರು ನಿಂತಿರ್ತಿದ್ರು, ಇನ್ನೊಬ್ರು ರಜೆ ಕೇಳೋಕೆ ಮುಖ ಸಣ್ಣ ಮಾಡ್ಕೊಂಡು ಬರ್ತಿದ್ರು, ನೀವು ಅರ್ಧ ಗಂಟೆ ಲೇಟಾದ್ರೆ ಸಾಹೇಬ್ರು ಎಲ್ಲಿ ಅಂತ ನಾಲ್ಕು ಜನ ಕೇಳ್ತಿದ್ರು. ನಮಗೋಸ್ಕರ ಯಾರೋ ಕಾಯ್ತಿರೋದು, ಅದು ಹೋಯ್ತು ಸರ್. ಕೀಬೋರ್ಡ್ ನಿಮಗೋಸ್ಕರ ಕಾಯಲ್ಲ. ನೀವು ಮೂರು ವಾರಕ್ಕೆ ಅದರ ಮೇಲೆ ಬಟ್ಟೆ ಮುಚ್ಚಿದ್ರೂ ಅದಕ್ಕೇನೂ ಆಗಲ್ಲ, ಬೇರೆ ಯಾರಿಗೂ ಏನೂ ಆಗಲ್ಲ, ಅದಕ್ಕೇ ನೀವು ಬಿಟ್ಟಿದ್ದು. ಶಿಸ್ತಿಲ್ಲದೇ ಬಿಟ್ರಿ ಅಂತ ನಾನು ನಂಬಲ್ಲ, 34 ವರ್ಷ ಟೈಂಗೆ ಸರಿಯಾಗಿ ಹೋದೋರು ನೀವು.

ನಂದೊಂದು ಕತೆ ಹೇಳಿಬಿಡ್ತೀನಿ. ರಿಟೈರ್ ಆಗಿ ಮೂರು ತಿಂಗಳಿಗೆ ಹಳೇ ಆಫೀಸಿಗೆ ಹೋಗಿದ್ದೆ, ಕೆಲಸ ಏನೂ ಇರಲಿಲ್ಲ, ಏನೋ ಒಂದು ಕಾಗದದ ನೆಪ ಮಾಡ್ಕೊಂಡು. ಎಲ್ರೂ ಎದ್ದು ಬಂದ್ರು, ಮೇಡಂ ಮೇಡಂ ಅಂದ್ರು, ಕೂತ್ಕೊಳ್ಳಿ ಎರಡೇ ನಿಮಿಷ ಬಂದೆ ಅಂತ ಹೇಳಿ ಅವರವರ ಸೀಟಿಗೆ ಹೋದ್ರು. ವಿಸಿಟರ್ಸ್ ಕುರ್ಚಿ ಮೇಲೆ ಮುಕ್ಕಾಲು ಗಂಟೆ ಕೂತಿದ್ದೆ. ಯಾರೂ ಕೆಟ್ಟೋರಲ್ಲ, ಅವರ ಟೇಬಲ್ ಮೇಲೆ ಫೈಲ್ ಇತ್ತು ಅಷ್ಟೇ. ನನ್ನ ಜಾಗದಲ್ಲಿ ಕೂತಿದ್ದ ಹುಡುಗಿ ನನ್ನ ಡ್ರಾಯರ್‌ನ ಎಡಗೈಯಲ್ಲಿ ಎಳೀತಿದ್ಲು, ಅದು ಬಲಗೈಯಲ್ಲಿ ಸ್ವಲ್ಪ ಎತ್ತಿ ಎಳೆದ್ರೆ ಮಾತ್ರ ಬರೋದು, ಹೇಳೋಣ ಅನ್ನಿಸ್ತು. ಹೇಳಲಿಲ್ಲ, ಎದ್ದು ಬಂದೆ. ಅವತ್ತು ಗೊತ್ತಾಯ್ತು, ನಾನಲ್ಲಿ ಇನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ.

ಆದ್ರಿಂದ ಏನು ಇಷ್ಟ ಅಂತ ಯೋಚನೆ ಮಾಡೋದು ಸ್ವಲ್ಪ ದಿನ ಬಿಡಿ. ಗುರುವಾರ ನಾನು ಹೋಗದೇ ಇದ್ರೆ ಯಾರಾದ್ರೂ ಫೋನ್ ಮಾಡ್ತಾರಾ ಅಂತ ಕೇಳ್ಕೊಳ್ಳಿ. ಹೌದು ಅನ್ನೋ ಅಂಥ ಒಂದು ಜಾಗ ಸಾಕು, ಎರಡಿದ್ರೆ ಭರ್ಜರಿ. ಓದೋಕೆ ಕಷ್ಟ ಪಡೋ ಎರಡು ಮಕ್ಕಳಿಗೆ ವಾರಕ್ಕೆರಡು ಸಲ ಪಕ್ಕ ಕೂತು ಓದಿಸೋದು. ಆಸ್ಪತ್ರೆಗೆ ಒಬ್ರೇ ಹೋಗೋಕಾಗ್ದಿರೋರ ಜೊತೆ ಹೋಗಿ ಕ್ಯೂ ನಿಲ್ಲೋದು. ನಾಲ್ಕು ಜನ ಸೇರಿ ಹಾಡೋ ಗುಂಪಿದ್ರೆ ಸೇರ್ಕೊಳ್ಳಿ, ಹಾಡಲ್ಲಿ ಒಂದು ದನಿ ಕಮ್ಮಿ ಆದ್ರೆ ಕೇಳಿಸತ್ತೆ ನೋಡಿ (ಕೀಬೋರ್ಡ್ ಬಟ್ಟೆ ಆಗ ತೆಗೀಬಹುದು). ಅಥವಾ ನಿಮಗೆ ಚೆನ್ನಾಗಿ ಬರೋ ಒಂದು ಕೆಲಸ, ಲೆಕ್ಕಪತ್ರ ಇರಬಹುದು, ಅರ್ಜಿ ಬರೆಯೋದು ಇರಬಹುದು, ಅದು ಬರದೇ ಇರೋರಿಗೆ ವಾರಕ್ಕೊಂದು ಗೊತ್ತಾದ ಹೊತ್ತಲ್ಲಿ ಕೂತು ಮಾಡಿಕೊಡಿ. ದಿನ, ಹೊತ್ತು ಎರಡೂ ಫಿಕ್ಸ್ ಇರ್ಲಿ, "ಫ್ರೀ ಇದ್ದಾಗ ಬರ್ತೀನಿ" ಅಂದ್ರೆ ಮುಗೀತು, ಇಡೀ ದಿನ ಫ್ರೀ ಇರೋರು ಯಾವತ್ತೂ ಹೋಗಲ್ಲ.

ಒಂದು ಎಚ್ಚರಿಕೆ, ನಿಮ್ಮ ಕೈಕೆಳಗೆ ನಲವತ್ತು ಜನ ಇದ್ರು ಅಂದ್ರಲ್ಲ ಅದಕ್ಕೆ ಹೇಳ್ತಿದೀನಿ. ಎಲ್ಲಿಗೇ ಸೇರಿದ್ರೂ ಮೊದಲ ಒಂದು ವರ್ಷ ಅಧ್ಯಕ್ಷ ಆಗ್ಬೇಡಿ. ಕಾರ್ಯದರ್ಶಿನೂ ಬೇಡ. ಹೋದ ಎರಡನೇ ವಾರಕ್ಕೇ ಇಲ್ಲಿ ಸಿಸ್ಟಂ ಸರಿಯಿಲ್ಲ ಅಂತ ಅನ್ಸೇ ಅನ್ಸತ್ತೆ, ಬಾಯಿ ಬಿಡ್ಬೇಡಿ, ಕುರ್ಚಿ ಜೋಡಿಸಿ. ರಿಟೈರ್ ಆದ ದೊಡ್ಡ ಅಧಿಕಾರಿಗಳು ಗೆಳೆಯರಿಲ್ಲದೇ ಒದ್ದಾಡೋದನ್ನ ಸುಮಾರು ನೋಡಿದೀನಿ, ಜನ ಅವರಿಗೆ ಗೌರವ ಕೊಡ್ತಾರೆ, ಆದ್ರೆ ಪಕ್ಕದಲ್ಲಿ ಬಂದು ಕೂರಲ್ಲ.

ಇನ್ನು ಮೂರು ವಾರದ ಲೆಕ್ಕ. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅಂತ ಒಬ್ರು 2018ರಲ್ಲಿ ಸ್ನೇಹಕ್ಕೆ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿದ್ರು. ಬರೀ ಪರಿಚಯದೋರು ಸುಮಾರಾಗಿ ಗೆಳೆಯರು ಅನ್ನಿಸ್ಕೊಳ್ಳೋಕೆ ಹತ್ತಿರ ಹತ್ತಿರ 50 ಗಂಟೆ, ಸರಿಯಾದ ಗೆಳೆಯರು ಆಗೋಕೆ 90, ಆಪ್ತರಾಗೋಕೆ 200ಕ್ಕೂ ಮೇಲೆ. ಆಫೀಸಲ್ಲಿ ಈ ಗಂಟೆಗಳು ಪುಕ್ಕಟೆ ಸಿಗ್ತಿದ್ವು, ದಿನಕ್ಕೆ ಎಂಟೆಂಟು, ಅದಕ್ಕೇ ಸ್ನೇಹ ತಾನಾಗೇ ಆಗತ್ತೆ ಅಂತ ನಾವು ಅಂದ್ಕೊಂಡಿರ್ತೀವಿ. ಈಗ ವಾರಕ್ಕೆ ಎರಡು ಗಂಟೆ ಅಂದ್ರೆ 50 ಮುಟ್ಟೋಕೇ ಆರು ತಿಂಗಳು ಬೇಕು. ಮೂರನೇ ವಾರಕ್ಕೆ ಅಲ್ಲಿ ಯಾರೂ ನಮ್ಮೋರು ಅನ್ನಿಸದೇ ಇದ್ರೆ ಆಶ್ಚರ್ಯ ಏನಿದೆ, ಆರೇ ಗಂಟೆ ಆಗಿರತ್ತೆ. ಆದ್ರಿಂದ ಏನೇ ಶುರು ಮಾಡಿ, ಆರು ತಿಂಗಳು ಬಿಡಲ್ಲ ಅಂತ ಮೊದಲೇ ತೀರ್ಮಾನ ಮಾಡ್ಕೊಳ್ಳಿ. ಹಾರ್ವರ್ಡ್‌ನೋರು 1938ರಿಂದ ಒಂದಿಷ್ಟು ಜನರ ಜೀವನಾನ ಹಿಂಬಾಲಿಸ್ಕೊಂಡು ಬಂದಿದಾರೆ, ಅವರ ಮಕ್ಕಳವರೆಗೂ. ಅದರಲ್ಲಿ ರಿಟೈರ್ ಆದ್ಮೇಲೆ ತುಂಬಾ ಖುಷಿಯಾಗಿದ್ದೋರು ಯಾರು ಅಂದ್ರೆ ಆಫೀಸಿನ ಜೊತೆಗಾರರ ಜಾಗಕ್ಕೆ ಹೊಸ ಜೊತೆಗಾರರನ್ನ ತಾವೇ ಮೈಬಗ್ಗಿಸಿ ಹುಡುಕ್ಕೊಂಡೋರಂತೆ. ಆ ಮೈಬಗ್ಗಿಸಿ ಅನ್ನೋದು ಮುಖ್ಯ.

ಹಳೇ ಕಲೀಗ್ಸ್ ಫೋನ್ ಮಾಡಲ್ಲ ಅಂತ ಕೊರಗೋದು ಬಿಟ್ಟು ನೀವೇ ಒಬ್ಬರಿಗೆ ಮಾಡಿ. ಗ್ರೂಪಿಗೆ ಗುಡ್ ಮಾರ್ನಿಂಗ್ ಹೂವು ಕಳ್ಸೋದು ಲೆಕ್ಕಕ್ಕೆ ಬರಲ್ಲ. ಒಬ್ಬರ ಹೆಸರು ಹಿಡಿದು, "ಶನಿವಾರ ಐದಕ್ಕೆ ವಾಕಿಂಗ್ ಹೋಗೋಣ ಬರ್ತೀಯೇನೋ" ಅಂತ ಕೇಳಿ. ಇಬ್ರು ಆಗಲ್ಲ ಅಂತಾರೆ, ಮೂರನೆಯೋನು ಬರ್ತಾನೆ, ಅವನಿಗೂ ಹತ್ತು ಗಂಟೆಗೆ ಸಂಕಟ ಆಗ್ತಿರತ್ತೆ.

ಕಡೇದಾಗಿ, ಹೆಂಡತಿ ಹತ್ರ ಇವತ್ತೇ ಹೇಳಿ, ಅವರಿಗೆ ಗೊತ್ತಿರತ್ತೆ ಬಿಡಿ. ಎದೆಯ ಸಂಕಟ ಅಂತ ಬರೆದಿರೋದ್ರಿಂದ ಮೊದಲು ಡಾಕ್ಟರ್‌ಗೆ ತೋರಿಸಿ, ನಿಮ್ಮ ವಯಸ್ಸಲ್ಲಿ ಅದನ್ನ ಮನಸ್ಸಿನದ್ದೇ ಅಂತ ನಾನು ಕೂತಲ್ಲೇ ಹೇಳೋಕಾಗಲ್ಲ. ನಿದ್ದೆ ಕೆಟ್ಟು, ಊಟ ಸೇರದೇ, ಯಾವುದ್ರಲ್ಲೂ ಮನಸ್ಸಿಲ್ಲದೇ ಎರಡು ವಾರ ದಾಟಿದ್ರೆ ಅದನ್ನೂ ಡಾಕ್ಟರ್‌ಗೆ ಹೇಳಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ, ಅದನ್ನ ಬೋರ್ ಅಂತ ಕರೆದು ಸುಮ್ನಾಗೋದು ಬೇಡ.

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನ್ರು ರಿಟೈರ್ ಆಗಿ ಒಂದೂವರೆ ವರ್ಷ. ಒಳ್ಳೇ ಮನುಷ್ಯ, ಒಂದು ಮಾತು ಕೆಟ್ಟದಾಗಿ ಆಡೋರಲ್ಲ. ಆದ್ರೆ ನಾನು ಎಲ್ಲಿ ಹೋದ್ರೂ ಹಿಂದೇನೇ ಬರ್ತಾರೆ. ಎಲ್ಲಿಗೆ ಹೊರಟೆ, ಎಷ್ಟೊತ್ತಿಗೆ ಬರ್ತೀಯಾ, ಫೋನಲ್ಲಿ ಯಾರು. ಅಡುಗೆಮನೇಲಿ ಡಬ್ಬಗಳನ್ನೆಲ್ಲಾ ಎತ್ತರದ ಪ್ರಕಾರ ಜೋಡಿಸಿದಾರೆ, ನಂಗೇ ಏನೂ ಸಿಗ್ತಿಲ್ಲ. ಮೂವತ್ತು ವರ್ಷ ಹಗಲು ಹೊತ್ತು ಮನೆ ನಂದಾಗಿತ್ತು. ನನ್ನ ರಿಟೈರ್ಮೆಂಟ್ ಯಾವಾಗ?

ಉತ್ತರ: ಜಪಾನಿನೋರು ನಿಮ್ಮ ಕಷ್ಟಕ್ಕೆ ಹೆಸರೇ ಇಟ್ಟಿದಾರೆ ಕಣ್ರೀ. ರಿಟೈರ್ ಆಗಿ ಹೆಂಡತಿಗೆ ಅಂಟ್ಕೊಂಡಿರೋ ಗಂಡಂಗೆ ಅಲ್ಲಿ "ನುರೆ ಓಚಿಬಾ" ಅಂತಾರೆ, ಅಂದ್ರೆ ಒದ್ದೆ ಎಲೆ. ಉದುರಿದ ಎಲೆ ಒದ್ದೆ ಆದ್ರೆ ಎಷ್ಟು ಗುಡಿಸಿದ್ರೂ ಪೊರಕೆಗೇ ಅಂಟ್ಕೊಳ್ಳತ್ತಲ್ಲ, ಹಂಗೆ. 1991ರಲ್ಲಿ ನೊಬುಒ ಕುರೊಕಾವಾ ಅನ್ನೋ ಅಲ್ಲಿನ ಡಾಕ್ಟರು, ಗಂಡ ರಿಟೈರ್ ಆದ್ಮೇಲೆ ಹೆಂಡತಿಯರಿಗೆ ಬರೋ ತಲೆನೋವು, ಹೊಟ್ಟೆನೋವು, ನಿದ್ದೆಗೇಡು ಎಲ್ಲಾ ಸೇರಿಸಿ ರಿಟೈರ್ಡ್ ಗಂಡನ ಸಿಂಡ್ರೋಮ್ ಅಂತ ಕರೆದ್ರು. ಕಾಯಿಲೆ ಗಂಡನದ್ದು, ನೋವು ಹೆಂಡತಿಗೆ!

ನಗು ಆಯ್ತು, ಈಗ ಅವರ ಕಡೆಯಿಂದ್ಲೂ ಸ್ವಲ್ಪ ನೋಡಿ. ಇಷ್ಟು ವರ್ಷ ನೆಂಟರಿಷ್ಟರು, ಅಕ್ಕಪಕ್ಕದೋರು, ಯಾರ ಮನೇಲಿ ಏನು, ಎಲ್ಲಾ ಸಂಬಂಧ ನಿಭಾಯಿಸಿದ್ದು ನೀವು, ಅವ್ರು ನಿಮ್ಮ ಬೆನ್ನಿಗೆ ಬಂದು ಹೋಗ್ತಿದ್ರು. ಅವರ ಜನ ಅಂದ್ರೆ ಆಫೀಸು. ಆಫೀಸು ಮುಚ್ಚಿದ ಮೇಲೆ ಉಳಿದಿರೋ ಒಂದೇ ಬಾಗಿಲು ನೀವು, ಅದಕ್ಕೇ ಬಾಗಿಲಲ್ಲೇ ನಿಂತಿದಾರೆ. ಎಷ್ಟೊತ್ತಿಗೆ ಬರ್ತೀಯಾ ಅಂದ್ರೆ ಅನುಮಾನ ಅಲ್ಲ, ಅಲ್ಲೀವರೆಗೆ ಏನ್ ಮಾಡ್ಲಿ ಅಂತ. ಹಾಗಂತ ಅವರನ್ನ ಸಾಕೋ ಕೆಲಸ ಪೂರ್ತಿ ನಿಮ್ಮ ತಲೆ ಮೇಲೆ ಹಾಕ್ಕೊಳ್ಳಿ ಅಂತ ನಾನು ಹೇಳಲ್ಲ, ಅದು ಅನ್ಯಾಯ.

ಎರಡು ಕೆಲಸ ಮಾಡಿ. ಒಂದು, ದಿನದಲ್ಲಿ ಗೊತ್ತಾದ ಮೂರ್ನಾಲ್ಕು ಗಂಟೆ ನಿಮ್ಮದು ಅಂತ ಬಾಯಿಬಿಟ್ಟು ಹೇಳಿ. ಜಗಳ ಬಂದಾಗ ಅಲ್ಲ, ಇಬ್ರೂ ಚೆನ್ನಾಗಿರೋವಾಗ. ಆ ಹೊತ್ತಲ್ಲಿ ನೀವು ಮನೇಲಿರಬಹುದು, ಹೊರಗಿರಬಹುದು, ಲೆಕ್ಕ ಕೇಳೋ ಹಾಗಿಲ್ಲ. ಎರಡನೇದು, ಮನೆಯ ಯಾವುದಾದ್ರೂ ಒಂದು ಕೆಲಸ ಪೂರ್ತಿ ಅವರಿಗೆ ಕೊಟ್ಬಿಡಿ. "ಸ್ವಲ್ಪ ಹೆಲ್ಪ್ ಮಾಡಿ" ಅಂತ ಅಲ್ಲ, ಶುರುವಿಂದ ಕೊನೇವರೆಗೂ ಅವರದ್ದೇ. ಬಟ್ಟೆ ಅಂದ್ರೆ ಒಗೆಯೋಕೆ ಹಾಕೋದ್ರಿಂದ ಮಡಚಿ ಒಳಗಿಡೋವರೆಗೂ. ಅವ್ರು ನಿಮ್ಮ ಥರ ಮಡಚಲ್ಲ. ನೋಡ್ಕೊಂಡು ಸುಮ್ನಿರಬೇಕು, ನಂಗೊತ್ತು ಇದು ಕಷ್ಟ, ಆದ್ರೆ ನೀವು ಮತ್ತೆ ಬಿಡಿಸಿ ಮಡಚಿದ್ರೆ ಅವತ್ತಿಗೇ ಅವ್ರು ಆ ಕೆಲಸದಿಂದ ರಾಜೀನಾಮೆ ಕೊಟ್ಟಂಗೆ. ಡಬ್ಬಗಳನ್ನ ಮಾತ್ರ ವಾಪಸ್ ನಿಮ್ಮ ಥರಾನೇ ಇಟ್ಕೊಳ್ಳಿ, ಅದರಲ್ಲಿ ರಾಜಿ ಬೇಡ.

ಹೊರಗೆ ಕಳಿಸೋ ವಿಷಯದಲ್ಲಿ, "ಯಾರ ಜೊತೆಗಾದ್ರೂ ಮಾತಾಡಿ ಬನ್ನಿ" ಅಂದ್ರೆ ಗಂಡಸರು ಹೋಗಲ್ಲ. ಆಸ್ಟ್ರೇಲಿಯಾದಲ್ಲಿ 1990ರ ದಶಕದಲ್ಲಿ ಮೆನ್ಸ್ ಶೆಡ್ ಅಂತ ಶುರುವಾಯ್ತು, ರಿಟೈರ್ ಆದ ಗಂಡಸರು ಒಂದು ಶೆಡ್ಡಲ್ಲಿ ಸೇರಿ ಮರಗೆಲಸ ಮಾಡೋದು, ಮುರಿದಿದ್ದು ರಿಪೇರಿ ಮಾಡೋದು. ಅವರ ಮಾತು ಏನು ಅಂದ್ರೆ ಗಂಡಸರು ಎದುರೆದುರು ಕೂತು ಮಾತಾಡಲ್ಲ, ಹೆಗಲಿಗೆ ಹೆಗಲು ಕೊಟ್ಟು ಕೆಲಸ ಮಾಡ್ತಾ ಮಾತಾಡ್ತಾರೆ. ಕೈಯಲ್ಲೊಂದು ಸ್ಕ್ರೂ ಡ್ರೈವರ್ ಇದ್ರೆ ಬಾಯಿ ತಾನಾಗೇ ಬರತ್ತೆ. ಎತ್ತರದ ಪ್ರಕಾರ ಡಬ್ಬ ಜೋಡಿಸೋ ಮನುಷ್ಯನ್ನ ಯಾವುದಾದ್ರೂ ಲೈಬ್ರರಿಗೆ ಕಳಿಸಿ, ಅವ್ರು ಕೈ ಮುಗಿದು ಕರ್ಕೊಳ್ತಾರೆ.

ಪ್ರಶ್ನೆ: ನಮ್ಮಮ್ಮ ಟೀಚರ್ ಆಗಿದ್ರು. ಅಪ್ಪ ಹೋದ್ಮೇಲೆ ನಮ್ಮ ಜೊತೆ ಬಂದಿದಾರೆ. ಜೀವನ ಪೂರ್ತಿ ದುಡಿದಿದೀಯಮ್ಮ, ಏನೂ ಮಾಡ್ಬೇಡ, ಆರಾಮಾಗಿರು ಅಂತ ಎಲ್ಲಾ ವ್ಯವಸ್ಥೆ ಮಾಡಿದೀವಿ. ಆದ್ರೂ ದಿನೇದಿನೇ ಮಂಕಾಗ್ತಿದಾರೆ. ಮನೆಗೆ ಜನ ಬಂದ್ರೆ ರೂಮಿಗೆ ಹೋಗ್ಬಿಡ್ತಾರೆ. ಇನ್ನೂ ಏನು ಮಾಡ್ಬೇಕು ನಾವು?

ಉತ್ತರ: ಕಮ್ಮಿ ಮಾಡಿ ತಾಯಿ. ನಿಮ್ಮ ಪ್ರೀತಿ ಅರ್ಥ ಆಗತ್ತೆ, ಆದ್ರೆ ಏನೂ ಮಾಡ್ಬೇಡ ಅನ್ನೋ ಮಾತು ಆ ಕಡೆ ಕೂತು ಕೇಳೋರಿಗೆ ನೀನು ಬೇಡ ಅಂತ ಕೇಳಿಸತ್ತೆ. 1976ರಲ್ಲಿ ಎಲೆನ್ ಲ್ಯಾಂಗರ್, ಜೂಡಿತ್ ರೋಡಿನ್ ಅಂತ ಇಬ್ರು ಮನಶ್ಶಾಸ್ತ್ರಜ್ಞೆಯರು ಒಂದು ವೃದ್ಧಾಶ್ರಮದಲ್ಲಿ ಸಣ್ಣ ಪ್ರಯೋಗ ಮಾಡಿದ್ರು. ಎಲ್ರಿಗೂ ಒಂದೊಂದು ಗಿಡ ಕೊಟ್ರು. ಒಂದು ಗುಂಪಿಗೆ ಗಿಡ ನಿಮ್ಮದು, ನೀವೇ ನೋಡ್ಕೋಬೇಕು, ನಿಮ್ಮ ಹೊತ್ತು ಹೇಗೆ ಕಳೀಬೇಕು ಅನ್ನೋದೂ ನಿಮ್ಮ ತೀರ್ಮಾನ ಅಂದ್ರು. ಇನ್ನೊಂದು ಗುಂಪಿಗೆ ಗಿಡಕ್ಕೆ ನರ್ಸ್ ನೀರು ಹಾಕ್ತಾರೆ, ನಿಮ್ಮನ್ನ ಚೆನ್ನಾಗಿ ನೋಡ್ಕೊಳ್ಳೋದು ನಮ್ಮ ಜವಾಬ್ದಾರಿ ಅಂದ್ರು. ಕೆಲವೇ ವಾರದಲ್ಲಿ ಮೊದಲನೇ ಗುಂಪಿನೋರು ಹೆಚ್ಚು ಚುರುಕಾಗಿ, ಹೆಚ್ಚು ಖುಷಿಯಾಗಿ ಕಾಣಿಸಿದ್ರು. ನೀವು ಈಗ ಎರಡನೇ ಗುಂಪಿನ ನರ್ಸ್ ಆಗಿದೀರಿ.

ಅಮ್ಮಂಗೆ ನಿಜವಾಗ್ಲೂ ಬೇಕಾಗಿರೋ ಕೆಲಸ ಕೊಡಿ. ಸುಮ್ನೆ ಹೊತ್ತು ಹೋಗ್ಲಿ ಅಂತ ಕೊಟ್ಟಿದ್ದು ಟೀಚರ್‌ಗೆ ಗೊತ್ತಾಗದೇ ಇರತ್ತಾ, ಮಕ್ಕಳನ್ನ ಸುಮ್ನಿರಿಸೋಕೆ ಅವರೇ ಎಷ್ಟು ಸಲ ಅಂಥ ಕೆಲಸ ಕೊಟ್ಟಿರ್ತಾರೋ! ನಿಮ್ಮ ಮಕ್ಕಳ ಓದನ್ನೇ ಅವರಿಗೆ ಬಿಡಿ ಅಂತ ಹೇಳೋಣ ಅಂದ್ಕೊಂಡೆ, ಆದ್ರೆ ಮೊದಲು ಅವರನ್ನೇ ಕೇಳಿ, ಕೆಲವು ಟೀಚರ್‌ಗಳಿಗೆ ಇನ್ನೊಂದು ನೋಟ್‌ಬುಕ್ ನೋಡೋದೇ ಬೇಡವಾಗಿರತ್ತೆ.

ಇನ್ನೊಂದು, ಜನ ಬಂದ್ರೆ ರೂಮಿಗೆ ಹೋಗ್ತಾರೆ ಅಂದ್ರಲ್ಲ, ಕಿವಿ ಪರೀಕ್ಷೆ ಮಾಡಿಸಿ. ಸುಮ್ನೆ ಹೇಳ್ತಿಲ್ಲ. ಕಿವಿ ಮಂದ ಆದ್ರೆ ಒಬ್ಬರ ಜೊತೆ ಮಾತು ಹೆಂಗೋ ನಡೆಯತ್ತೆ, ನಾಲ್ಕು ಜನ ಒಟ್ಟಿಗೆ ಮಾತಾಡಿದ್ರೆ ಏನೂ ಗೊತ್ತಾಗಲ್ಲ, ಏನು ಏನು ಅಂತ ಕೇಳೋಕೆ ನಾಚಿಕೆಯಾಗಿ ಎದ್ದು ಹೋಗ್ತಾರೆ. ಮನೆಯೋರು ಮನಸ್ಸು ಸರಿಯಿಲ್ಲ ಅಂದ್ಕೊಳ್ತಾರೆ. ನನ್ನ ದೊಡ್ಡಮ್ಮನ ವಿಷಯದಲ್ಲಿ ಎರಡು ವರ್ಷ ಹಂಗೇ ಅಂದ್ಕೊಂಡಿದ್ವಿ, ಕಿವಿಗೆ ಮೆಷೀನ್ ಹಾಕಿಸಿದ ಮೇಲೆ ನಮ್ಮ ಬಗ್ಗೆ ಆಡ್ಕೊಳ್ಳೋಕೆ ಶುರು ಮಾಡಿದ್ರು, ಅಂದ್ರೆ ಸರಿಹೋದ್ರು. ಕಿವಿ ಸರಿಯಿದ್ದೂ ಮಂಕು ಹಾಗೇ ಇದ್ರೆ ಡಾಕ್ಟರ್ ಹತ್ರ ಕೂತು ಮಾತಾಡಿ, ಥೈರಾಯ್ಡ್, ಬಿ12 ನೋಡಿಸಿ, ಮತ್ತೆ ಅಪ್ಪ ಹೋದ ದುಃಖಾನೂ ಇನ್ನೂ ಇರತ್ತೆ, ಅದಕ್ಕೂ ಜಾಗ ಕೊಡಿ.

ಪ್ರಶ್ನೆ: ಎಲ್ರೂ ಏನಾದ್ರೂ ಮಾಡಿ ಏನಾದ್ರೂ ಮಾಡಿ ಅಂತಾರೆ. ನಂಗೆ ಇಬ್ಬರು ಹಳೇ ಗೆಳತಿಯರು, ಒಬ್ಬ ತಮ್ಮ, ಬಾಲ್ಕನಿ, ಪುಸ್ತಕ ಇಷ್ಟೇ ಸಾಕು. ನಾನು ಸೋಮಾರಿನಾ?

ಉತ್ತರ: ಅಲ್ಲ. ವಯಸ್ಸಾದಂಗೆ ಜನ ತಮ್ಮ ಬಳಗಾನ ತಾವೇ ಚಿಕ್ಕದು ಮಾಡ್ಕೊಂಡು, ಇರೋ ಹೊತ್ತನ್ನ ಮನಸ್ಸಿಗೆ ಹತ್ತಿರ ಇರೋರಿಗೇ ಇಡ್ತಾರೆ ಅಂತ ಸ್ಟ್ಯಾನ್‌ಫರ್ಡ್‌ನ ಲಾರಾ ಕಾರ್‌ಸ್ಟೆನ್‌ಸನ್ ವರ್ಷಾನುಗಟ್ಟಲೆ ಅಧ್ಯಯನ ಮಾಡಿ ಹೇಳಿದಾರೆ, ಅದು ಒಂಟಿತನ ಅಲ್ಲ, ಆಯ್ಕೆ. ಒಂದೇ ಒಂದು ಕೇಳ್ತೀನಿ, ಆ ಇಬ್ಬರು ಗೆಳತಿಯರನ್ನ ಕೊನೇ ಸಲ ಕಣ್ಣಾರೆ ನೋಡಿದ್ದು ಯಾವಾಗ? ಈ ತಿಂಗಳು ಅಂದ್ರೆ ಬಾಲ್ಕನೀಲಿ ಹಾಯಾಗಿ ಕೂತ್ಕೊಳ್ಳಿ. ನೆನಪಾಗ್ತಿಲ್ಲ ಅಂದ್ರೆ ಪುಸ್ತಕ ಮುಚ್ಚಿಟ್ಟು ಫೋನ್ ಮಾಡಿ.

ಪ್ರಶ್ನೆ: ನೀವು ಈ ಅಂಕಣ ಶುರು ಮಾಡಿದ್ದು ರಿಟೈರ್ ಆದ್ಮೇಲಾ ಮೇಡಂ?

ಉತ್ತರ: ಹೌದು. ಈ ಸಲದ್ದು ಎರಡು ದಿನ ಲೇಟಾಗಿದೆ, ಸಂಪಾದಕರಿಂದ ನಾಲ್ಕು ಸಲ ಫೋನ್ ಬಂದಿದೆ.